ಯಜಮಾನನ ಜೊತೆಗೇ ಮುಗಿದ ತಂಡ: ವಿವಿಎಸ್ ಮಾಸ್ಕೋ

1951, 1952, 1953. ಸತತ ಮೂರು ವರ್ಷ ಸೋವಿಯತ್ ಐಸ್ ಹಾಕಿ ಚಾಂಪಿಯನ್ ಆದ ವಿವಿಎಸ್ ಮಾಸ್ಕೋ ತಂಡ ಆ ಮೂರನೇ ವರ್ಷವೇ ಬಾಗಿಲು ಮುಚ್ಚಿತು. ಯಾಕೆ ಅಂತ ತಿಳಿಯಬೇಕಾದರೆ, ಅದನ್ನು ಸಾಕಿದವರು ಯಾರು ಅಂತ ಮೊದಲು ನೋಡಬೇಕು.

ರಷ್ಯನ್ನರು ಅಲ್ಲಿಯವರೆಗೂ ಹೆಚ್ಚಾಗಿ ಆಡುತ್ತಿದ್ದದ್ದು ಬ್ಯಾಂಡಿ. ಅದು ಮಂಜುಗಡ್ಡೆಯ ಮೇಲಿನ ಚೆಂಡಾಟ. ಒಂದೊಂದು ಕಡೆ 11 ಜನ, ಫುಟ್‌ಬಾಲ್ ಮೈದಾನದಷ್ಟು ಜಾಗ. ರಬ್ಬರ್ ಬಿಲ್ಲೆಯ ಕೆನಡಾ ಆಟದ, ಅಂದರೆ ಐಸ್ ಹಾಕಿಯ, ಮೊದಲ ರಾಷ್ಟ್ರೀಯ ಟೂರ್ನಿ ಶುರುವಾದದ್ದು 1946ರ ಡಿಸೆಂಬರ್‌ನಲ್ಲಿ. ವಿವಿಎಸ್ ಅಂದರೆ ವಾಯುಪಡೆಯ ತಂಡ. 1948ರಲ್ಲಿ ಮಾಸ್ಕೋ ವಲಯದ ವಾಯುಪಡೆಗೆ ಕಮಾಂಡರ್ ಆಗಿ ಬಂದದ್ದು ವಾಸಿಲಿ ಸ್ಟಾಲಿನ್, ಜೋಸೆಫ್ ಸ್ಟಾಲಿನ್‌ರ ಮಗ. ಆಟದ ಹುಚ್ಚು ಇದ್ದ ಮನುಷ್ಯ. ಅಧಿಕಾರಕ್ಕಂತೂ ಕೊರತೆಯೇ ಇರಲಿಲ್ಲ. ಸ್ಪಾರ್ಟಕ್ ತಂಡದ ಮುಂಚೂಣಿಯ ಮೂವರು ಜಿಕ್ಮುಂಡ್, ನೋವಿಕೋವ್, ಯೂರಿ ತರಾಸೋವ್ ಒಟ್ಟಿಗೇ ವಿವಿಎಸ್ ಸೇರಿದರು. ರಿಗಾದಿಂದ ಗೋಲ್‌ಕೀಪರ್ ಮೆಲ್ಲುಪ್ಸ್ ಬಂದರು. ಸೇನಾ ತಂಡದಿಂದ ದೇಶದ ದೊಡ್ಡ ತಾರೆ ವ್ಸೆವೊಲೋದ್ ಬೊಬ್ರೋವ್ ಕೂಡ ಬಂದರು. ‘ಸ್ಪಾರ್ಟಕ್‌ನವರನ್ನೆಲ್ಲ ಎತ್ತಿಕೊಂಡು ಹೋದವರು’ ಅಂತ ಜನ ತಂಡಕ್ಕೆ ಅಡ್ಡಹೆಸರಿಟ್ಟರು. ಅದು ಬರೀ ತಮಾಷೆಯಲ್ಲ, ಇಡೀ ಲೀಗ್‌ನ ಸಿಟ್ಟು ಅದರಲ್ಲಿತ್ತು.

1950ರ ಜನವರಿ. ಚೆಲ್ಯಾಬಿನ್ಸ್ಕ್‌ನಲ್ಲಿ ಪಂದ್ಯ. ಅಲ್ಲಿ ಹವಾಮಾನ ಕೆಟ್ಟು, ಆಟಗಾರರಿದ್ದ ಲಿ-2 ವಿಮಾನ ಸ್ವೆರ್ದ್ಲೋವ್ಸ್ಕ್‌ನ ಕೊಲ್ತ್ಸೊವೊ ನಿಲ್ದಾಣದ ಕಡೆ ತಿರುಗಿತು. ಅಲ್ಲೂ ಹಿಮಗಾಳಿ. ಇಳಿಯಲು ಮತ್ತೆ ಮತ್ತೆ ಯತ್ನಿಸಿ ವಿಮಾನ ನೆಲಕ್ಕಪ್ಪಳಿಸಿತು. 19 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 11 ಆಟಗಾರರು, ತಂಡದ ಡಾಕ್ಟರ್, ಮಾಲೀಶು ಮಾಡುವವರು, ವಿಮಾನ ಸಿಬ್ಬಂದಿ ಎಲ್ಲರೂ ಹೋದರು. ಮುಂದೆ ಸೋವಿಯತ್ ಹಾಕಿಯ ಮಹಾಗುರು ಎನಿಸಿಕೊಂಡ ಅನತೋಲಿ ತರಾಸೋವ್‌ರ ತಮ್ಮ ಯೂರಿ ಕೂಡ ಸತ್ತವರಲ್ಲಿ ಒಬ್ಬರು.

ಮೂವರು ಪ್ರಮುಖರು ಆ ವಿಮಾನದಲ್ಲಿ ಇರಲಿಲ್ಲ. ಬೊಬ್ರೋವ್ ನಿದ್ದೆಯಿಂದ ತಡವಾಗಿ ಎದ್ದು ರೈಲು ಹತ್ತಿದರು ಅನ್ನುವುದು ಎಲ್ಲರೂ ಹೇಳುವ ಕತೆ. ವಿನೋಗ್ರಾದೋವ್‌ಗೆ ಆಗ ಆಡದಂತೆ ನಿಷೇಧವಿತ್ತು. ಶುವಾಲೋವ್ ಚೆಲ್ಯಾಬಿನ್ಸ್ಕ್ ತಂಡ ಬಿಟ್ಟು ಬಂದವರು. ಅಲ್ಲಿನ ಪ್ರೇಕ್ಷಕರು ಸುಮ್ನೆ ಯಾಕೆ ರೇಗಬೇಕು ಅಂತ ಅವರನ್ನು ಮಾಸ್ಕೋದಲ್ಲೇ ಉಳಿಸಿದ್ದರು.

ನನ್ನನ್ನು ಜಾಸ್ತಿ ಕಾಡುವುದು ಆಮೇಲಿನದ್ದು. ಪತ್ರಿಕೆಗಳಲ್ಲಿ ಸುದ್ದಿ ಬರಲಿಲ್ಲ. ಸತ್ತವರನ್ನು ವಿಮಾನ ನಿಲ್ದಾಣದ ಹತ್ತಿರವೇ ಒಟ್ಟಿಗೆ ಮಣ್ಣು ಮಾಡಿದರು. ಕೆಲವೇ ದಿನಗಳಲ್ಲಿ ಬೇರೆ ಆಟಗಾರರನ್ನು ಸೇರಿಸಿ ವಿವಿಎಸ್ ಹೆಸರಲ್ಲೇ ತಂಡವನ್ನು ಕಣಕ್ಕಿಳಿಸಲಾಯಿತು. ಮನೆಯವರಿಗೆ ಬಹಿರಂಗವಾಗಿ ಅಳುವುದಕ್ಕೂ ಅವಕಾಶ ಕೊಡದ ವ್ಯವಸ್ಥೆ ಅದು. ಇದನ್ನು ಕ್ರೌರ್ಯ ಅನ್ನದೆ ಬೇರೇನು ಅನ್ನಬೇಕು?

ಆಮೇಲೆ ಮುಂಚೂಣಿಯಲ್ಲಿ ಬಾಬಿಚ್, ಶುವಾಲೋವ್, ಬೊಬ್ರೋವ್ ಮೂವರೂ ಜೊತೆಯಾದ ತಂಡವನ್ನು ತಡೆಯುವುದು ಕಷ್ಟವಾಯಿತು. ಆ ಮೂರು ಪ್ರಶಸ್ತಿಗಳೂ ಬಂದದ್ದು ಆಗಲೇ. ಆದರೆ 1953ರ ಮಾರ್ಚ್ 5ರಂದು ಜೋಸೆಫ್ ಸ್ಟಾಲಿನ್ ತೀರಿಕೊಂಡರು. ಏಪ್ರಿಲ್ ಮುಗಿಯುವ ಮುಂಚೆ ವಾಸಿಲಿಯ ಬಂಧನವಾಯಿತು. ಬೆನ್ನಿಗಿದ್ದ ಕೈ ಸರಿದ ಮೇಲೆ ತಂಡವನ್ನು ಕೇಳುವವರು ಯಾರು? ಅದೇ ವರ್ಷ ವಿವಿಎಸ್ ವಿಸರ್ಜನೆಯಾಯಿತು. ಒಳ್ಳೆಯ ಆಟಗಾರರು ಮತ್ತೆ ಸೇನಾ ತಂಡದ ಪಾಲಾದರು.

1954ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೋವಿಯತ್ ಒಕ್ಕೂಟ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್ ಆಡಿತು. ಕೆನಡಾವನ್ನು 7-2ರಿಂದ ಸೋಲಿಸಿ ಚಿನ್ನ ಗೆದ್ದಿತು. ನಾಯಕ ಬೊಬ್ರೋವ್. ಜೊತೆಗೆ ಬಾಬಿಚ್, ಶುವಾಲೋವ್, ವಿನೋಗ್ರಾದೋವ್. ನಾಲ್ವರೂ ಹಳೆಯ ವಿವಿಎಸ್‌ನವರು.