ಸ್ಕೂಟರ್ ಕನ್ನಡಿಯ ಮೇಲೆ ಮಡಿವಾಳ ಹಕ್ಕಿಗೇಕೆ ಸಿಟ್ಟು?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಮನೆ ಪಾರ್ಕಿನ ಎದುರಿಗೇ ಇದೆ. ಏಪ್ರಿಲ್‌ನಿಂದ ಕಪ್ಪು-ಬಿಳಿ ಹಕ್ಕಿಯೊಂದು ದಿನಾ ಬೆಳಿಗ್ಗೆ ಸ್ಕೂಟರ್ ಕನ್ನಡಿ ಕುಕ್ಕಿ, ಹಿಕ್ಕೆ ಹಾಕಿ ಹೋಗುತ್ತೆ. ಓಡಿಸಿದರೂ ಮತ್ತೆ ಹಾಜರ್. ಏನು ಮಾಡೋದು?

ಉತ್ತರ: ಹೊಟ್ಟೆಯೂ ರೆಕ್ಕೆಯ ಪಟ್ಟೆಯೂ ಬಿಳಿ ಇದ್ದರೆ ಅದು ಗಂಡು ಮಡಿವಾಳ ಹಕ್ಕಿ. ಕೋಟೆಯ ಬಂಡೆಗಳ ಮೇಲೆ ಬಾಲ ನಿಗುರಿಸಿ ಓಡಾಡುವ, ಬಾಲದಡಿ ಕಂದುಗೆಂಪಿರುವ ಚಿಟ್ಟು ಮಡಿವಾಳ ಬೇರೆ. ಕನ್ನಡಿ ಜಗಳದಲ್ಲಿ ಅದೂ ಕಡಿಮೆಯಿಲ್ಲ ಬಿಡಿ, ಪರಿಹಾರವೂ ಒಂದೇ.

ಬಿಂಬವನ್ನು ಅದು ತನ್ನ ಗಡಿಯೊಳಗೆ ನುಗ್ಗಿದ ಇನ್ನೊಂದು ಗಂಡೆಂದೇ ತಿಳಿಯುತ್ತದೆ. ನಿಜವಾದ ಎದುರಾಳಿ ಎದೆಯುಬ್ಬಿಸಿ ಬಾಲ ಅಗಲಿಸಿದ್ದಕ್ಕೇ ಜಾಗ ಬಿಟ್ಟಾನು. ಬಿಂಬ ಹಾಗಲ್ಲ, ಇದು ಬಾಲ ಅಗಲಿಸಿದರೆ ಅದೂ ಅಗಲಿಸುತ್ತದೆ. ಜಗಳ ಮುಗಿಯುವುದಾದರೂ ಹೇಗೆ?

ಮಾರ್ಚ್‌ನಿಂದ ಜುಲೈವರೆಗೆ ಮರಿ ಮಾಡುವ ಕಾಲ. ಬೇಲಿಗಿಡದ ಬುಡದ ತರಗೆಲೆಯಲ್ಲಿ ಹುಳು, ಮರದಲ್ಲೊಂದು ಪೊಟರೆ ಅಥವಾ ಗೋಡೆಯ ತೂತು ಸಿಕ್ಕರೆ ಈ ಕಾಡಂಚಿನ ಹಕ್ಕಿಗೆ ಪಾರ್ಕೇ ಸಾಕು. ನಾಲ್ಕೈದು ಮೊಟ್ಟೆಗೆ ಹೆಣ್ಣು ತಾನೊಂದೇ 12-13 ದಿನ ಕಾವು ಕೂರುತ್ತದೆ. ಮರಿ ಗೂಡು ಬಿಡಲು ಇನ್ನೂ ಹದಿನೈದು ದಿನ. ಗಂಡಿಗೆ ಕಾವಲು ಕೆಲಸ, ಜೊತೆಗೆ ನಸುಕಿಗೇ ತುದಿಗೊಂಬೆಯಿಂದ ಹಾಡು.

ಗಾಡಿ ನಿಲ್ಲಿಸಿದ ಕೂಡಲೇ ಎರಡೂ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿ. ಒಂದಕ್ಕೆ ಮಾತ್ರ ತೊಡಿಸಿದರೆ ಜಗಳ ಇನ್ನೊಂದಕ್ಕೆ ವರ್ಗವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಬೇಡ, ಬಿಂಬ ಅದರೊಳಗೂ ಕಾಣುತ್ತದೆ. ಕಿಟಕಿ ಕುಕ್ಕಿದರೆ ಬಹಳ ಜನ ಒಳಗಿನ ದಪ್ಪ ಪರದೆ ಎಳೆಯುತ್ತಾರೆ. ಅಲ್ಲೇ ಎಡವಟ್ಟು: ಒಳಗೆ ಕತ್ತಲಾದಷ್ಟೂ ಗಾಜು ಹೊರಗಿನವರಿಗೆ ಕನ್ನಡಿಯೇ! ಗಾಜಿನ ಹೊರಮೈಗೆ ಸಾಬೂನಿನ ತುಂಡು ಉಜ್ಜಿ ಮಬ್ಬು ಮಾಡಿ, ಇಲ್ಲವೇ ಹೊರಗಿನಿಂದ ಹಳೇ ಪೇಪರ್ ಅಂಟಿಸಿ. ಮಳೆ ಹೊಯ್ದರೆ ಸಾಬೂನು ಮತ್ತೆ ಉಜ್ಜಬೇಕು. ಪ್ಲಾಸ್ಟಿಕ್ ಗೂಬೆ ತೂಗುಹಾಕುವುದು ದುಡ್ಡು ದಂಡ. ಅದು ಬರೀ ಬೊಂಬೆ ಎಂದು ಹಕ್ಕಿಗೆ ಬೇಗ ಗೊತ್ತಾಗುತ್ತದೆ. ಗೂಡು ಕೀಳುವುದಂತೂ ಬೇಡವೇ ಬೇಡ. ಮೊದಲಿಂದ ಕಟ್ಟಲು ಕೂತರೆ ಕಾವಲೂ ಮೊದಲಿಂದಲೇ.

ಆಗಸ್ಟ್ ಹೊತ್ತಿಗೆ ಹಾಡೂ ಹೊಡೆದಾಟವೂ ತಣ್ಣಗಾಗುತ್ತವೆ. ಅಲ್ಲಿಯವರೆಗೆ, ಒಣಗಿದ ಹಿಕ್ಕೆಯನ್ನು ಉಗುರಿನಿಂದ ಕೆರೆಯಬೇಡಿ, ಬಣ್ಣಕ್ಕೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟು ಒರೆಸಿ.