ಓಟೆಯೊಳಗಿನ ಹುಳು: ಮೇನಲ್ಲಿ ಔಷಧಿ ಹೊಡೆದು ಫಲವಿಲ್ಲ

ಮೇ ಬಂತೆಂದರೆ ಮಾವು ಬೆಳೆಗಾರರಿಂದ ಒಂದೇ ಪ್ರಶ್ನೆ. "ಸಾರ್, ಹಣ್ಣಿನ ಮೇಲೆ ಒಂದು ತೂತೂ ಇಲ್ಲ. ಕೊಯ್ದರೆ ಓಟೆಯೊಳಗೆ ಹುಳು. ಏನು ಹೊಡೆಯಲಿ?"

ಈಗ ಏನೂ ಹೊಡೆಯಬೇಡಿ ಎನ್ನುತ್ತೇನೆ. ಗಟ್ಟಿ ಓಟೆಯೊಳಗೆ, ಅಂದರೆ ಗೊರಟೆಯೊಳಗೆ, ಕೂತ ಹುಳುವಿಗೆ ಯಾವ ಔಷಧಿಯೂ ತಾಗುವುದಿಲ್ಲ. ದುಡ್ಡು ದಂಡ, ತಿನ್ನುವ ಹಣ್ಣಿನ ಮೇಲೆ ಸುಮ್ನೆ ವಿಷ.

ಇದು ಓಟೆ ಕೊರಕ. ಸುಮಾರು 8 ಮಿಲಿಮೀಟರ್ ಉದ್ದದ, ತೊಗಟೆ ಬಣ್ಣದ ಮೂತಿಹುಳು. ಕಾಯಿ ಗೋಲಿ ಗಾತ್ರಕ್ಕೆ ಬಂದಾಗಲೇ ಹೆಣ್ಣು ಹುಳು ಸಿಪ್ಪೆ ಕೆರೆದು ಒಂದೊಂದೇ ಮೊಟ್ಟೆ ಇಡುತ್ತದೆ. ಪಕ್ಕದಲ್ಲೇ ಸಿಪ್ಪೆಯನ್ನು ಸಣ್ಣಗೆ ಸೀಳುತ್ತದೆ. ಜಿನುಗಿದ ಸೊನೆ ಮೊಟ್ಟೆಯ ಮೇಲೆ ಒಣಗಿ ಮುಚ್ಚಳವಾಗುತ್ತದೆ. ಸುಮಾರು ಒಂದು ವಾರಕ್ಕೆ ಮರಿ ಹೊರಬಂದು, ತಿರುಳು ದಾಟಿ, ಇನ್ನೂ ಎಳೆಯದಾಗಿರುವ ಓಟೆಗೆ ನುಗ್ಗುತ್ತದೆ. ಕಾಯಿ ಬೆಳೆದಂತೆ ಅದು ಹೋದ ದಾರಿ ಮುಚ್ಚಿಕೊಳ್ಳುತ್ತದೆ. ತೂತು ಕಾಣದಿರುವುದು ಅದಕ್ಕೇ.

"ಮರಕ್ಕೆ ಹಣ್ಣುನೊಣದ ಟ್ರ್ಯಾಪ್ ಕಟ್ಟಿದ್ದೀವಲ್ಲ" ಎನ್ನುವವರೂ ಇದ್ದಾರೆ. ಆ ಟ್ರ್ಯಾಪಿಗೆ ಬೀಳುವುದು ಗಂಡು ಹಣ್ಣುನೊಣ. ಓಟೆ ಕೊರಕಕ್ಕೂ ಅದಕ್ಕೂ ಸಂಬಂಧವಿಲ್ಲ.

ತಿರುಳು ಸಾಮಾನ್ಯವಾಗಿ ಕೆಡುವುದಿಲ್ಲ, ಮನೆಯಲ್ಲಿ ತಿನ್ನುವವರಿಗೆ ಗೊತ್ತೂ ಆಗದು. ನೀಲಂನಂಥ ತಡವಾದ ತಳಿಗಳಲ್ಲಿ ಮಾತ್ರ ಹುಳು ತಿರುಳನ್ನೇ ಕೊರೆದು ಹೊರಬರುವುದುಂಟು. ನರ್ಸರಿಯವರಿಗೆ ಓಟೆ ಮೊಳೆಯದೆ ನಷ್ಟ. ರಫ್ತಿಗಂತೂ ದೊಡ್ಡ ತಡೆ. 2007ರಲ್ಲಿ ಅಮೆರಿಕ ನಮ್ಮ ಮಾವಿಗೆ ಬಾಗಿಲು ತೆರೆದಾಗ, ಹಣ್ಣಿಗೆ 400 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಡಲೇಬೇಕು ಎಂದದ್ದಕ್ಕೆ ಈ ಹುಳುವೂ ಒಂದು ಕಾರಣ.

ಆದರೆ ಇದಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಜಾಸ್ತಿ ದೂರ ಹಾರುವುದೂ ಇಲ್ಲ, ಊರೂರು ಸುತ್ತುವುದು ನಾವು ಸಾಗಿಸುವ ಹಣ್ಣು, ಓಟೆಯ ಜೊತೆಗೇ. ಬಿದ್ದ ಹಣ್ಣಿನ ಓಟೆಯಿಂದ ಹೊರಬಂದ ಹುಳು ತೊಗಟೆಯ ಸಂದಿಯಲ್ಲಿ ಸೇರಿಕೊಂಡು ಮುಂದಿನ ಹೂವಿನವರೆಗೆ ಕಾಯುತ್ತದೆ. ಹಾಗಿರುವಾಗ, ಗೊಬ್ಬರವಾಗಲಿ ಎಂದು ಓಟೆಯನ್ನು ಮರದ ಬುಡಕ್ಕೇ ಸುರಿದಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾವೇ ಹುಳು ಸಾಕಿದಂತಾಯಿತು ಅಲ್ವಾ? ಉದುರಿದ ಕಾಯಿ, ಹಣ್ಣು, ಓಟೆ ಎಲ್ಲವನ್ನೂ ಆಯ್ದು ಆಳವಾಗಿ ಹೂಳಿ, ಇಲ್ಲವೇ ಸುಟ್ಟುಬಿಡಿ. ಅಕ್ಕಪಕ್ಕದ ತೋಟದವರೂ ಕೈಜೋಡಿಸಲಿ. ಔಷಧಿ ಬೇಕೇಬೇಕಾದರೆ ಕಾಯಿ ಗೋಲಿ ಗಾತ್ರದಲ್ಲಿರುವಾಗ, ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಹೊಡೆಯಿರಿ.

ಮುಂದಿನ ವರ್ಷ ಔಷಧಿ ಬೇಕೋ ಬೇಡವೋ ತಿಳಿಯಲು, ಈ ಸಲ ನಿಮ್ಮ ತೋಟದ 50 ಓಟೆಗಳನ್ನು ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿಡಿ. ಎರಡು ತಿಂಗಳು ಆಗಾಗ ನೋಡುತ್ತಿರಿ. ಹೊರಬಂದ ಹುಳುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ, ಆಮೇಲೆ ಡಬ್ಬಿಯಲ್ಲಿರುವುದನ್ನೆಲ್ಲ ಸುಡಿ.