ಪ್ರೆಸ್ಸಿಗೆ ಬಂದ ಮೇಲ್‌ಗೆ ಮಂದಿರದ ಹೆಸರಿನಲ್ಲಿ ಉತ್ತರ ಹೋಗುವುದೇಕೆ?

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಪ್ರೆಸ್ಸಿನ ಮೇಲ್‌ಗಳು ನನ್ನ ಸ್ವಂತ ಜಿಮೇಲ್‌ಗೆ ಬಂದು ಬೀಳುವಂತೆ ಫಾರ್ವರ್ಡ್ ಮಾಡಿಕೊಂಡಿದ್ದೇನೆ. ನಾನು ಕಾರ್ಯದರ್ಶಿಯಾಗಿರುವ ಭಜನಾ ಮಂದಿರದ ಮಂಗಲೋತ್ಸವಕ್ಕೆ ಆಮಂತ್ರಣ ಕಳುಹಿಸಲು ಮಂದಿರದ ವಿಳಾಸವನ್ನೂ ಅದಕ್ಕೇ ಸೇರಿಸಿದ್ದೆ. ಕಳೆದ ತಿಂಗಳು ಮುಂಬೈಯ ಒಬ್ಬರಿಗೆ ಮದುವೆ ಕಾಗದದ ಪ್ರೂಫ್ ಕಳುಹಿಸಿದೆ. ಅದು ಮಂದಿರದ ವಿಳಾಸದಿಂದ ಹೋಗಿದೆ! ಅವರು ಮುಹೂರ್ತದ ಗಂಟೆ ತಿದ್ದಿ ಬರೆದ ಮೇಲ್, ಯಾರೂ ತೆರೆಯದ ಮಂದಿರದ ಇನ್‌ಬಾಕ್ಸ್‌ನಲ್ಲಿ ಉಳಿಯಿತು. ಎರಡು ದಿನ ಕಾದು, ತಿದ್ದುಪಡಿ ಇಲ್ಲವೆಂದುಕೊಂಡು 500 ಕಾಗದ ಅಚ್ಚು ಹಾಕಿದೆ. 12.04 ಆಗಬೇಕಿದ್ದಲ್ಲಿ 11.42 ಎಂದೇ ಬಂತು. ನಾನು ಯಾವ ವಿಳಾಸವನ್ನು ಡಿಫಾಲ್ಟ್ ಆಗಿ, ಅಂದರೆ ಬೇರೆ ಆರಿಸದಿದ್ದಾಗ ತಾನಾಗಿ ಬಳಕೆಯಾಗುವಂತೆ, ಇಡಬೇಕು?

ಉತ್ತರ: ಪ್ರೆಸ್ಸಿನ ವಿಳಾಸವನ್ನು. ಆದರೆ ಅಷ್ಟು ಮಾಡಿ ಸುಮ್ಮನಾಗಬೇಡಿ. ಡಿಫಾಲ್ಟ್ ಒಂದನ್ನೇ ಬದಲಿಸಿದರೆ ನಾಳೆ ಬ್ಯಾಂಕಿಗೂ ಮಗಳ ಶಾಲೆಗೂ ಪ್ರೆಸ್ಸಿನ ಹೆಸರಿನಲ್ಲಿ ಉತ್ತರ ಹೋಗಬಹುದು. ನಿಮ್ಮ ಕಾಗದ ಕೆಟ್ಟದ್ದು ಡಿಫಾಲ್ಟ್‌ನಿಂದ ಮಾತ್ರವಲ್ಲ, ಅದರ ಕೆಳಗೇ ಇರುವ ಇನ್ನೊಂದು ಆಯ್ಕೆಯಿಂದ.

ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ. ಮೊಬೈಲ್ ಆ್ಯಪ್‌ನಲ್ಲಿ ಹುಡುಕಿ ಸಮಯ ಕಳೆಯಬೇಡಿ, ಅಲ್ಲಿ ಇದು ಇಲ್ಲ. ಬಲಮೇಲಿನ ಹಲ್ಲುಚಕ್ರದ ಗುರುತು ಒತ್ತಿ, ಪೂರ್ಣ ಸೆಟ್ಟಿಂಗ್ಸ್‌ಗೆ ಹೋಗಿ, 'ಅಕೌಂಟ್ಸ್ ಆ್ಯಂಡ್ ಇಂಪೋರ್ಟ್' ಎಂಬಲ್ಲಿ 'ಸೆಂಡ್ ಮೇಲ್ ಆಸ್' ನೋಡಿ. ನಿಮ್ಮ ವಿಳಾಸಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಒಂದರ ಮುಂದೆ 'ಡಿಫಾಲ್ಟ್' ಎಂದಿರುತ್ತದೆ. ಮಂಗಲೋತ್ಸವದ ಸಮಯದಲ್ಲಿ ನೀವು ಮಂದಿರದ ವಿಳಾಸವನ್ನು ಡಿಫಾಲ್ಟ್ ಮಾಡಿ, ಆಮೇಲೆ ಹಿಂದಕ್ಕೆ ಬದಲಿಸದೆ ಬಿಟ್ಟಿರಬೇಕು. ಅಲ್ಲೇ, ಬಂದ ಪತ್ರಕ್ಕೆ ಉತ್ತರಿಸುವಾಗ ಏನು ಮಾಡಬೇಕೆಂದು ಕೇಳುವ ಎರಡು ಆಯ್ಕೆಗಳಿವೆ. ಪತ್ರ ಯಾವ ವಿಳಾಸಕ್ಕೆ ಬಂತೋ ಅದೇ ವಿಳಾಸದಿಂದ ಉತ್ತರಿಸುವುದು ಒಂದು. ಯಾವಾಗಲೂ ಡಿಫಾಲ್ಟ್ ವಿಳಾಸದಿಂದಲೇ ಉತ್ತರಿಸುವುದು ಇನ್ನೊಂದು. ನಿಮ್ಮಲ್ಲಿ ಎರಡನೆಯದಕ್ಕೆ ಗುರುತು ಬಿದ್ದಿದೆ ಎಂದೇ ನನ್ನ ಅಂದಾಜು. ಮೊದಲನೆಯದನ್ನು ಆರಿಸಿ. ಒಂದಕ್ಕಿಂತ ಹೆಚ್ಚು ಹೊಣೆ ಹೊತ್ತವರಿಗೆ ಎರಡನೆಯ ಆಯ್ಕೆ ಸಲ್ಲದು. ಗಿರಾಕಿ ಪ್ರೆಸ್ಸಿನ ಜೊತೆ ಮಾತಾಡುತ್ತಿದ್ದರೆ ಪ್ರೆಸ್ಸೇ ಉತ್ತರಿಸಬೇಕು.

ಹಾಗಾದರೆ ಡಿಫಾಲ್ಟ್‌ಗೆ ಇನ್ನೇನು ಕೆಲಸ? ನೀವಾಗಿ ಬರೆಯುವ ಹೊಸ ಪತ್ರಗಳು ಅಲ್ಲಿಂದ ಹೊರಡುತ್ತವೆ. ಜೊತೆಗೆ, ಪತ್ರ ಯಾವ ವಿಳಾಸಕ್ಕೆ ಬಂತೋ ಅದು 'ಸೆಂಡ್ ಮೇಲ್ ಆಸ್' ಪಟ್ಟಿಯಲ್ಲೇ ಇಲ್ಲದಿದ್ದಾಗ ಉತ್ತರವೂ ಡಿಫಾಲ್ಟ್‌ನಿಂದಲೇ ಹೋಗುತ್ತದೆ. ಪ್ರೆಸ್ಸಿನ ಮೇಲ್ ಫಾರ್ವರ್ಡ್ ಆಗುತ್ತಿದೆ ಎಂದ ಮಾತ್ರಕ್ಕೆ ಪ್ರೆಸ್ಸಿನ ವಿಳಾಸ ಆ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ನೀವೇ ಸೇರಿಸಿ, ಆ ವಿಳಾಸಕ್ಕೆ ಬರುವ ಸಂಕೇತ ಸಂಖ್ಯೆ ಕೊಟ್ಟು ದೃಢಪಡಿಸಬೇಕು. ಇದನ್ನು ಮರೆತವರೇ ಹೆಚ್ಚು. ಆದ್ದರಿಂದ ಡಿಫಾಲ್ಟ್ ಆರಿಸುವಾಗ ನಾನು ನೋಡುವುದು ಎರಡೇ: ಆ ಇನ್‌ಬಾಕ್ಸನ್ನು ನೀವು ದಿನಾ ತೆರೆಯುತ್ತೀರಾ? ಅಪ್ಪಿತಪ್ಪಿ ಆ ವಿಳಾಸ ಅಪರಿಚಿತರ ಕೈಗೆ ಹೋದರೆ ತೊಂದರೆ ಇದೆಯೇ? ಪ್ರೆಸ್ಸಿನ ವಿಳಾಸ ಹೇಗೂ ನಿಮ್ಮ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇದೆ. ಸ್ವಂತದ್ದು ಹಾಗಲ್ಲ.

ಇನ್ನು 'ರಿಪ್ಲೈ ಟು' ಎಂಬ ಖಾನೆ, ಅಂದರೆ ಉತ್ತರ ಯಾವ ವಿಳಾಸಕ್ಕೆ ಬರಬೇಕೆಂದು ಹೇಳುವ ಜಾಗ. ಅದೇ ಪಟ್ಟಿಯಲ್ಲಿ ವಿಳಾಸದ ಪಕ್ಕದ 'ಎಡಿಟ್ ಇನ್ಫೋ' ಒತ್ತಿದರೆ ಸಿಗುತ್ತದೆ. ಇಮೇಲ್‌ನ 1982ರ ನಿಯಮಾವಳಿ ಆರ್‌ಎಫ್‌ಸಿ 822ರಲ್ಲೇ ಇದು ಇತ್ತು, 2008ರ ಆರ್‌ಎಫ್‌ಸಿ 5322ರಲ್ಲೂ ಉಳಿದಿದೆ. ನೀವು ಅಚ್ಚು ಹಾಕುವ ಕಾಗದವನ್ನೇ ನೆನೆಯಿರಿ. 'ಸುಖಾಗಮನ ಬಯಸುವವರು' ಎಂದು ಅಜ್ಜ ಅಜ್ಜಿಯ ಹೆಸರಿರುತ್ತದೆ, ಕೆಳಗೆ ಮೂಲೆಯಲ್ಲಿ ಮಾವನ ಮೊಬೈಲ್ ಸಂಖ್ಯೆ. ಕರೆಯುವವರು ಅಜ್ಜ, ದಾರಿ ಕೇಳಲು ಫೋನ್ ಮಾಡುವುದು ಮಾವನಿಗೆ. ಕಳುಹಿಸಿದವರ ವಿಳಾಸ ಮತ್ತು 'ರಿಪ್ಲೈ ಟು' ನಡುವೆ ಇರುವುದೂ ಇಷ್ಟೇ ವ್ಯತ್ಯಾಸ. ನಿಮಗೆ ಅದು ಬೇಡ, ಖಾಲಿ ಬಿಡಿ. ಎಂದೋ ತುಂಬಿಸಿದ ಹಳೆಯ ವಿಳಾಸ ಅಲ್ಲಿ ಉಳಿದಿದ್ದರೆ, ಸರಿಯಾದ ವಿಳಾಸದಿಂದ ಹೋದ ಪತ್ರದ ಮರು ಉತ್ತರವೂ ಬೇರೆ ಕಡೆಗೆ ಹೋಗುತ್ತದೆ. ಹಾಗಾಗಿ ಮೂರೂ ವಿಳಾಸಗಳಲ್ಲಿ ಒಮ್ಮೆ ತೆರೆದು ನೋಡಿ.

ಔಟ್‌ಲುಕ್‌ನಲ್ಲೂ ಐಫೋನಿನ ಮೇಲ್‌ನಲ್ಲೂ ಪತ್ರ ಬಂದ ಖಾತೆಯಿಂದಲೇ ಸಾಮಾನ್ಯವಾಗಿ ಉತ್ತರ ಹೋಗುತ್ತದೆ. ಅಲ್ಲಿ ಡಿಫಾಲ್ಟ್ ಎಂದರೆ ಹೊಸ ಪತ್ರಕ್ಕೆ ಮಾತ್ರ. ಐಫೋನಿನ ಗ್ಯಾಲರಿಯಿಂದ ನೇರವಾಗಿ ಫೋಟೊ ಮೇಲ್ ಮಾಡುವಾಗ ಎಚ್ಚರವಿರಲಿ, ಆಗ ಡಿಫಾಲ್ಟ್ ಖಾತೆಯೇ ಬರುತ್ತದೆ.

ಬದಲಾವಣೆ ಉಳಿಸಿದ ಮೇಲೆ ಪ್ರೂಫ್ ನೋಡದೆ ಅಚ್ಚಿಗೆ ಕೊಡಬೇಡಿ. ಮನೆಯವರ ಮೊಬೈಲಿನಿಂದ ಪ್ರೆಸ್ಸಿನ ವಿಳಾಸಕ್ಕೆ ಒಂದು ಮೇಲ್ ಹಾಕಿಸಿ, ನಿಮ್ಮ ಜಿಮೇಲ್‌ನಿಂದ ಉತ್ತರಿಸಿ. ಅವರ ಮೊಬೈಲಿನಲ್ಲಿ ಯಾರ ಹೆಸರು ಕಾಣುತ್ತದೆ ನೋಡಿ. ಬಳಿಕ ಅವರು ಅದಕ್ಕೆ ಪುನಃ ಉತ್ತರಿಸಲಿ. ಆ ಎರಡನೆಯ ಉತ್ತರ ಪ್ರೆಸ್ಸಿನ ಇನ್‌ಬಾಕ್ಸ್‌ಗೇ ಬರಬೇಕು. ನಿಮ್ಮ ಮುಹೂರ್ತದ ತಿದ್ದುಪಡಿ ಕಳೆದುಹೋದದ್ದು ಆ ಹಂತದಲ್ಲೇ.

ಮಂದಿರದ ವಿಳಾಸದ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆ ಬೇಕಾಗುವ ವಿಳಾಸವನ್ನು ಡಿಫಾಲ್ಟ್ ಮಾಡುವ ಅಗತ್ಯವೇ ಇಲ್ಲ. ಹೊಸ ಪತ್ರ ಬರೆಯುವಾಗ ಮೇಲಿನ 'ಫ್ರಮ್' ಸಾಲನ್ನು ಒತ್ತಿ ಮಂದಿರದ ವಿಳಾಸ ಆರಿಸಿದರೆ ಅದು ಆ ಪತ್ರಕ್ಕಷ್ಟೇ ಅನ್ವಯವಾಗುತ್ತದೆ. ಈಗಂತೂ ಇವತ್ತೇ ಆ ಇನ್‌ಬಾಕ್ಸ್ ತೆರೆಯಿರಿ. ಪ್ರೂಫ್ ಕಂಡ ಬೇರೆ ಗಿರಾಕಿಗಳ ತಿದ್ದುಪಡಿಗಳೂ ಅಲ್ಲಿ ಕಾಯುತ್ತಿರಬಹುದು.